ಎರಡು ಸಿಂಹ, ಒಂದು ಚಪ್ಪಲಿ

ದೇವಸ್ಥಾನದ ಮುಂದೆ ಚಪ್ಪಲಿ ಬಿಡುವ ವಿಷಯದಲ್ಲಿ ನನಗೆ ಮೂವತ್ತು ವರ್ಷಗಳ ಅನುಭವವಿದೆ. ನಾಲ್ಕು ಜೊತೆ ಕಳೆದುಕೊಂಡು ಗಳಿಸಿದ ಅನುಭವ ಅದು. ನಾಲ್ಕನೆಯದು ಹೋದ ದಿನ, ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ, ಟಾರು ರಸ್ತೆಯ ಮೇಲೆ ಬರಿಗಾಲಿನಲ್ಲಿ ಬಸ್ ನಿಲ್ದಾಣದವರೆಗೆ ಕುಣಿಯುತ್ತಾ ಬಂದ ನನ್ನನ್ನು ನೋಡಲಾರದೆ ಅಕ್ಕ ಒಂದು ಉಪಾಯ ಹೇಳಿಕೊಟ್ಟಳು. ಎಡಗಾಲಿನದನ್ನು ಒಂದು ಮೂಲೆಯಲ್ಲಿ ಬಿಡಬೇಕು, ಬಲಗಾಲಿನದನ್ನು ಇನ್ನೊಂದು ಮೂಲೆಯಲ್ಲಿ. ಜೋಡಿ ಹುಡುಕುತ್ತಾ ಕೂರುವಷ್ಟು ಪುರುಸೊತ್ತು ಯಾವ ಕಳ್ಳನಿಗೂ ಇರುವುದಿಲ್ಲ. ಅಂದಿನಿಂದ ನನ್ನ ಒಂದು ಚಪ್ಪಲಿಯೂ ಹೋಗಿಲ್ಲ. ಮೊದಲೆಲ್ಲ ಗರ್ಭಗುಡಿಯ ಮುಂದೆ ಕಣ್ಣು ಮುಚ್ಚಿದರೆ ಚಪ್ಪಲಿಯೇ ಕಾಣುತ್ತಿತ್ತು. ಈಗ ಆಗಾಗ ದೇವರೂ ಕಾಣುತ್ತಾನೆ.

ಈ ವಿದ್ಯೆಯನ್ನು ಕಟ್ಟಿಕೊಂಡೇ ನಾನೂ ಅಕ್ಕನೂ ಹೋದ ಜೂನ್‌ನಲ್ಲಿ ಸಿಂಗಪುರದ ನನ್ನ ಮಗನ ಮನೆಗೆ ಹೋದೆವು. ಅವನು ಮೊದಲ ದಿನವೇ ಹೇಳಿದ್ದ: "ಇಲ್ಲಿ ಯಾರೂ ಯಾರದನ್ನೂ ಮುಟ್ಟುವುದಿಲ್ಲ ಅಮ್ಮ. ಹೋಟೆಲಿನಲ್ಲಿ ಮೇಜು ಹಿಡಿಯಲು ಟಿಶ್ಯೂ ಪೇಪರಿನ ಒಂದು ಪೊಟ್ಟಣ ಇಟ್ಟು ಊಟ ತರಲು ಹೋಗುತ್ತಾರೆ. ಬರುವವರೆಗೂ ಆ ಜಾಗ ಅವರದೇ." ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವ ನಾಡಿನವರಾದ ನಮಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಆದರೆ ನಮ್ಮಲ್ಲಿ ಕೆಲವೊಮ್ಮೆ ಸೀಟಿನ ಜೊತೆ ಟವೆಲ್ಲೂ ಹೋಗುತ್ತದೆ.

ಬೆಳಿಗ್ಗೆ ಸೌತ್ ಬ್ರಿಜ್ ರಸ್ತೆಯ ಶ್ರೀ ಮಾರಿಯಮ್ಮನ ಗುಡಿಗೆ ಹೋದೆವು. 1827ರಲ್ಲಿ ಶುರುವಾದ, ಸಿಂಗಪುರದ ಅತಿ ಹಳೆಯ ಹಿಂದೂ ದೇವಾಲಯ. ಅಲ್ಲಿ ಪದ್ಧತಿಯಂತೆ ಎಡದ್ದನ್ನು ಅಲ್ಲೊಂದು, ಬಲದ್ದನ್ನು ಇಲ್ಲೊಂದು ಬಿಟ್ಟು, ದರ್ಶನ ಮುಗಿಸಿ, ಎರಡನ್ನೂ ಕ್ಷೇಮವಾಗಿ ಮೆಟ್ಟಿಕೊಂಡು ಬಂದೆ. ಈ ಯಶಸ್ಸೇ ನನ್ನನ್ನು ಕೆಡಿಸಿತು.

ಅಲ್ಲಿಂದ ಸ್ವಲ್ಪ ನಡೆದರೆ ತೆಲೋಕ್ ಆಯರ್ ಬೀದಿ. ಆ ಬೀದಿಯಲ್ಲಿರುವುದು ಥಿಯಾನ್ ಹಾಕ್ ಕೆಂಗ್ ಎಂಬ, ಚೀನೀಯರ ತಾವೋ ಧರ್ಮದ ದೇವಾಲಯ. ಚೀನಾದ ಫುಜಿಯನ್ ಪ್ರಾಂತದಿಂದ ಹಡಗೇರಿ ಬಂದ ಹೊಕ್ಕಿಯನ್ ಜನ 1839ರಿಂದ 1842ರವರೆಗೆ, ಕಬ್ಬಿಣದ ಮೊಳೆಯನ್ನೇ ಬಳಸದೆ ಮರಕ್ಕೆ ಮರ ಕೂಡಿಸಿ ಕಟ್ಟಿದ್ದು. ಆಗ ಸಮುದ್ರ ಇದರ ಎದುರಿಗೇ ಇತ್ತಂತೆ. ಬಿರುಗಾಳಿ ತಪ್ಪಿಸಿಕೊಂಡು ದಡ ಸೇರಿದವರು ದೋಣಿಯಿಂದಿಳಿದು ನೇರವಾಗಿ ಬಂದು ಸಮುದ್ರದೇವತೆ ಮಾಜುವಿಗೆ ಊದುಬತ್ತಿ ಹಚ್ಚುತ್ತಿದ್ದರು. ಆಮೇಲೆ ಸರ್ಕಾರ ಮಣ್ಣು ತುಂಬಿ ಸಮುದ್ರವನ್ನೇ ಹಿಂದಕ್ಕೆ ತಳ್ಳಿತು. ಈಗ ದೇವಿಯ ಎದುರಿಗಿರುವುದು ಆಕಾಶ ಮುಟ್ಟುವ ಕಚೇರಿ ಕಟ್ಟಡಗಳು. "ಅದಕ್ಕೇನು, ಅಲ್ಲಿ ಸಾಲದಲ್ಲಿ ಮುಳುಗುವವರೂ ಇರುತ್ತಾರೆ. ದೇವಿಗೆ ಕೆಲಸ ತಪ್ಪಿಲ್ಲ" ಎಂದಳು ಅಕ್ಕ. ಅಕ್ಕ ಮೂವತ್ತಾರು ವರ್ಷ ಬ್ಯಾಂಕಿನಲ್ಲಿದ್ದವಳು.

ಬಾಗಿಲಿನ ಎರಡು ಕಡೆ ಎರಡು ಕಲ್ಲಿನ ಸಿಂಹಗಳು. ಒಂದು ಗಂಡು, ಒಂದು ಹೆಣ್ಣು. ಹೆಣ್ಣಿನ ಜೊತೆ ಒಂದು ಮರಿ. ನನ್ನ ಕಣ್ಣಿಗೆ ಅವು ಸಿಂಹಗಳಾಗಿ ಕಾಣಲೇ ಇಲ್ಲ. ದೇವರೇ ಒದಗಿಸಿಕೊಟ್ಟ ಎರಡು ಮೂಲೆಗಳಾಗಿ ಕಂಡವು. ಗಂಡು ಸಿಂಹದ ಬಳಿ ಎಡಗಾಲಿನದು, ಹೆಣ್ಣು ಸಿಂಹದ ಬಳಿ ಬಲಗಾಲಿನದು. ಅಕ್ಕ ತನ್ನವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೈಚೀಲದೊಳಗೆ ತುರುಕಿಕೊಂಡಳು. ಉಪಾಯ ಹೇಳಿಕೊಡುವವರು ತಾವು ಅದನ್ನು ಪಾಲಿಸಬೇಕೆಂದೇನೂ ಇಲ್ಲವಲ್ಲ.

ಹೊಸ್ತಿಲು ಎತ್ತರವಿತ್ತು. ಅದನ್ನು ತುಳಿಯಬಾರದು, ದಾಟಬೇಕು, ನಮ್ಮಲ್ಲಿಯ ಹಾಗೆಯೇ. ಮಂಡಿನೋವಿನ ಅಕ್ಕ ಮೊದಲು ಬಗ್ಗಿ, ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹಿಂದೆ ಬರುತ್ತಿದ್ದ ಪ್ರವಾಸಿಗಳ ಗುಂಪು ಗಕ್ಕನೆ ನಿಂತಿತು. ಆಮೇಲೆ ಬಲಗಾಲನ್ನು ಎತ್ತಿದಳು. ಅದು ಅರ್ಧದವರೆಗೆ ಹೋಗಿ, ಇನ್ನು ಮೇಲೆ ಬರುವುದಿಲ್ಲವೆಂದು ಮುಷ್ಕರ ಹೂಡಿತು. ನನ್ನ ಭುಜ ಹಿಡಿದು, ಸೀರೆಯ ನೆರಿಗೆ ಒಟ್ಟುಮಾಡಿ, ಹಿಂದಿನ ಕಾಲದ ಹೆಂಗಸರು ಎತ್ತಿನ ಗಾಡಿ ಹತ್ತುವಂತೆ ಓರೆಯಾಗಿ ದಾಟಲು ಹೋದಳು. ದಾಟದೆ ಅಲ್ಲೇ ಕುಳಿತುಬಿಟ್ಟಳು. "ಹೊಸ್ತಿಲ ಮೇಲೆ ಕೂರಬಾರದು ಅಕ್ಕ!" ಎಂದೆ. "ನಾನೇನು ಕೂರಲೆಂದು ಬಂದೆನೇನೇ? ಎತ್ತು!" ಎಂದಳು. ಹಿಂದಿದ್ದ ಎತ್ತರದ ಹುಡುಗನೊಬ್ಬ ಕೈಕೊಟ್ಟ. ಎದ್ದವಳೇ ಕೆನ್ನೆ ಕೆನ್ನೆ ಬಡಿದುಕೊಂಡಳು. ಇದೂ ಪೂಜಾವಿಧಿ ಇರಬಹುದೆಂದು ಆ ಹುಡುಗನೂ ಮೆಲ್ಲಗೆ ತನ್ನ ಕೆನ್ನೆಗೆ ಎರಡು ಬಡಿದುಕೊಂಡ.

ಒಳಗೆ ಹೋದ ಮೇಲೆ ತಿಳಿಯಿತು, ಅಷ್ಟು ದೊಡ್ಡ ಗುಡಿಯಲ್ಲಿ ಬರಿಗಾಲಿನಲ್ಲಿರುವವರು ನಾವಿಬ್ಬರೇ. ಚೀನೀ ದೇವಾಲಯಕ್ಕೆ ಪಾದರಕ್ಷೆ ಹಾಕಿಕೊಂಡೇ ಹೋಗುತ್ತಾರೆ. ಬೂಟು, ಸ್ಯಾಂಡಲ್, ಹಿಮ್ಮಡಿ ಎತ್ತರದ ಚಪ್ಪಲಿ, ಎಲ್ಲವೂ ಟಕಟಕನೆ ದೇವರ ಎದುರಿಗೇ ಓಡಾಡುತ್ತಿದ್ದವು. ಭೂಮಧ್ಯರೇಖೆಯ ಪಕ್ಕದ ಊರು, ಹನ್ನೆರಡು ಗಂಟೆಯ ಬಿಸಿಲು, ನಡುವೆ ತೆರೆದ ಅಂಗಳ, ಅಲ್ಲಿ ಹಾಸಿದ ಕಲ್ಲು. ನಾವು ಅದನ್ನು ದಾಟಿದ್ದನ್ನು ನಡಿಗೆ ಎನ್ನಲಾಗದು. ಕೆಂಡ ಹಾಯುವುದನ್ನು ಬೆಳಿಗ್ಗೆಯ ಮಾರಿಯಮ್ಮನ ಗುಡಿಯಲ್ಲಿ ವರ್ಷಕ್ಕೊಮ್ಮೆ ಮಾಡುತ್ತಾರೆ. ನಾವು ಹರಕೆಯಿಲ್ಲದೆ ಇಲ್ಲಿ ಮಾಡಿದೆವು.

ನೆರಳು ಸೇರಿ ಮಾಜುವಿನ ಮುಂದೆ ನಿಂತೆವು. 1840ರಲ್ಲಿ ಚೀನಾದಿಂದ ತಂದ ವಿಗ್ರಹ. ಬದುಕಿದ್ದಾಗ ಆಕೆ ಮೇಝೌ ದ್ವೀಪದ ಮೀನುಗಾರರ ಹುಡುಗಿ. ಹುಟ್ಟಿದಾಗ ಅಳಲಿಲ್ಲವೆಂದು 'ಮೌನಿ' ಎಂಬರ್ಥದ ಹೆಸರಿಟ್ಟರಂತೆ. ಇದನ್ನು ಮಗ ಹೇಳಿದ್ದನ್ನು ಅಕ್ಕನಿಗೆ ನೆನಪಿಸಿ ಅರ್ಥಪೂರ್ಣವಾಗಿ ನೋಡಿದೆ. ಪ್ರಯೋಜನವಾಗಲಿಲ್ಲ. ದೇವಿಯ ಅಕ್ಕಪಕ್ಕ ಇಬ್ಬರು ಸೇವಕರು: ಒಬ್ಬ ಸಾವಿರ ಹರದಾರಿ ದೂರ ನೋಡುವವನು, ಇನ್ನೊಬ್ಬ ಗಾಳಿಯಲ್ಲಿ ಬರುವ ಮಾತನ್ನೆಲ್ಲ ಕೇಳುವವನು. "ನಮ್ಮ ಬೀದಿಯಲ್ಲಿ ಇವರಿಬ್ಬರ ಕೆಲಸವನ್ನೂ ಎದುರುಮನೆಯಾಕೆ ಒಬ್ಬಳೇ ಮಾಡುತ್ತಾಳೆ" ಎಂದಳು ಅಕ್ಕ.

ಅಕ್ಕನಿಗೆ ಒಟ್ಟಾರೆ ಸಮಾಧಾನವಿರಲಿಲ್ಲ. ಹೊಡೆಯಲು ಗಂಟೆ ಸಿಗಲಿಲ್ಲ, ತೀರ್ಥ ಕೊಡುವವರು ಯಾರೂ ಇಲ್ಲ. ಬಲಗೈಯನ್ನು ಗೋಕರ್ಣದಂತೆ ಮಾಡಿಕೊಂಡು ಸ್ವಲ್ಪ ಹೊತ್ತು ಕಾದಳು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಅದಕ್ಕೆ ಮೂರು ಊದುಬತ್ತಿ ಇಟ್ಟರು. ಸರಿ, ಪ್ರದಕ್ಷಿಣೆಯಾದರೂ ಹಾಕೋಣವೆಂದು ಎಡಗಡೆಯಿಂದ ಹೊರಟೆವು. ಎದುರಿನಿಂದ ಬಂದವರೆಲ್ಲ ನಮಗೆ ಡಿಕ್ಕಿಯಾಗುತ್ತಲೇ ಇದ್ದರು. ಬಲಗಡೆಯ ಬಾಗಿಲೆಂಬ ಡ್ರ್ಯಾಗನ್ ಬಾಯಿಂದ ಒಳಗೆ ಹೋಗಿ, ಎಡಗಡೆಯ ಬಾಗಿಲೆಂಬ ಹುಲಿಯ ಬಾಯಿಂದ ಹೊರಗೆ ಬಂದರೆ ಶುಭ ಎಂಬುದು ಅವರ ನಂಬಿಕೆಯೆಂದು ಮಗ ಸಂಜೆ ಹೇಳಿದ. ನಾವು ಹುಲಿಯ ಬಾಯೊಳಗೆ ಹೋಗಿ ಡ್ರ್ಯಾಗನ್ ಬಾಯಿಂದ ಹೊರಬಿದ್ದಿದ್ದೆವು. ಹೀಗೆ ಹಿತ್ತಲಿನಲ್ಲಿ ಗ್ವಾನ್‌ಯಿನ್‌ಗೂ ಕೈಮುಗಿದೆವು. ಆಕೆ ಬೌದ್ಧರ ಕರುಣೆಯ ಬೋಧಿಸತ್ತ್ವೆ, ಆದರೂ ತಾವೋ ಗುಡಿಯಲ್ಲಿ ಸುಖವಾಗಿದ್ದಾಳೆ. ಯಾರೂ ಆಕೆಯ ಕಾಗದಪತ್ರ ಕೇಳಿದಂತಿಲ್ಲ.

ಚಪ್ಪಲಿಯ ನೆನಪಾಗಿ ಹೊರಗೆ ಇಣುಕಿದೆ. ಹೆಣ್ಣು ಸಿಂಹದ ಬಳಿ ಬಲಗಾಲಿನದು ಇತ್ತು. ಗಂಡು ಸಿಂಹದ ಬಳಿ ಏನೂ ಇರಲಿಲ್ಲ.

ಮೂವತ್ತು ವರ್ಷಗಳ ವಿದ್ಯೆ ಒಂದು ಕ್ಷಣದಲ್ಲಿ ಕುಸಿಯಿತು. ಒಂದೇ ಚಪ್ಪಲಿ ಕದಿಯುವ ಕಳ್ಳನನ್ನು ನಾನು ಊಹಿಸಿರಲೇ ಇಲ್ಲ. ಸಿಂಹದ ಸುತ್ತ ಹುಡುಕಿದೆ, ಅದರ ಬಾಯೊಳಗೂ ನೋಡಿದೆ. ಅಲ್ಲಿ ಕಲ್ಲಿನ ಗುಂಡು ಮಾತ್ರ ಇತ್ತು. ಒಳಗೆ ಬಂದು ಅಕ್ಕನಿಗೆ ಹೇಳಿದರೆ, "ದೇವಿಯನ್ನೇ ಕೇಳೋಣ" ಎಂದಳು. ಕೇಳುವ ವ್ಯವಸ್ಥೆಯೂ ಅಲ್ಲಿತ್ತು. ಅರ್ಧಚಂದ್ರಾಕಾರದ ಎರಡು ಮರದ ತುಂಡುಗಳು. ಒಂದು ಮುಖ ಚಪ್ಪಟೆ, ಇನ್ನೊಂದು ಉಬ್ಬು. ಪ್ರಶ್ನೆಯನ್ನು ಮನಸ್ಸಿನಲ್ಲಿ ಹೇಳಿಕೊಂಡು ನೆಲಕ್ಕೆ ಹಾಕಬೇಕು. ಒಂದು ಚಪ್ಪಟೆ, ಒಂದು ಉಬ್ಬು ಮೇಲಾಗಿ ಬಿದ್ದರೆ ದೇವರ ಒಪ್ಪಿಗೆ. ಎರಡೂ ಉಬ್ಬು ಮೇಲಾದರೆ ಇಲ್ಲ. ಬಲಗಡೆ ಹೂ ಬಿದ್ದರೆ ಪ್ರಸಾದವಾಯಿತು ಎನ್ನುವ ನಮಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. "ತಾಯಿ, ಎಡಗಾಲಿನದು ಸಿಗುತ್ತದೆಯೇ?" ಎಂದು ಹಾಕಿದೆ. ಎರಡೂ ಚಪ್ಪಟೆ ಮೇಲಾಗಿ ಬಿದ್ದವು. ಊದುಬತ್ತಿ ಕೊಟ್ಟಿದ್ದ ಅಜ್ಜಿ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು, ನಗುವಂತೆ ಅಭಿನಯಿಸಿ ತೋರಿಸಿದರು. ದೇವರು ನಗುತ್ತಿದ್ದಾರೆ ಎಂದರ್ಥ. ಮತ್ತೆ ಹಾಕಿದೆ. ಮತ್ತೆ ನಗು. ಮೂರನೆಯ ಬಾರಿ ಹಾಕುವಷ್ಟರಲ್ಲಿ ಅಜ್ಜಿಯೂ ಅಕ್ಕನೂ ದೇವರ ಜೊತೆ ಸೇರಿಕೊಂಡಿದ್ದರು.

ಆಗ ಕಂಡ ಆ ಮುದುಕ. ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ನನ್ನ ಎಡಗಾಲಿನ ಚಪ್ಪಲಿ. ತಲೆ ತಗ್ಗಿಸಿ, ಎಲ್ಲರ ಕಾಲುಗಳನ್ನೇ ನೋಡುತ್ತಾ ಗುಡಿಯನ್ನು ಸುತ್ತುತ್ತಿದ್ದ. ಒಂಟಿ ಚಪ್ಪಲಿ ಬಿದ್ದಿದೆಯೆಂದರೆ ಯಾರೋ ಪಾಪ ಒಂದೇ ಕಾಲಿನಲ್ಲಿ ಕುಂಟುತ್ತಿರಬೇಕು ಎಂದು ಹುಡುಕಿಕೊಂಡು ಬಂದಿದ್ದ. ಜೋಡಿಯಾಗಿ ಬಿಟ್ಟಿದ್ದರೆ ಅವನು ಮುಟ್ಟುತ್ತಲೇ ಇರಲಿಲ್ಲ! ನಾನು ಅವನ ಹಿಂದೆ ಓಡಿದೆ. ಬಿಸಿಲಿನ ಅಂಗಳದಲ್ಲಿ ಅವನು ಎಷ್ಟು ನಿಧಾನವೋ ನಾನು ಅಷ್ಟು ವೇಗ.

ಅವನು ನನ್ನ ಎರಡೂ ಬರಿಗಾಲು ನೋಡಿ ಗೊಂದಲಕ್ಕೊಳಗಾದ. ಒಂದು ಬೆರಳೆತ್ತಿ, ಇನ್ನೊಂದೆಲ್ಲಿ ಎಂಬಂತೆ ಕೈ ತಿರುವಿದ. ಬಾಗಿಲಿಗೆ ಕರೆದೊಯ್ದು ಹೆಣ್ಣು ಸಿಂಹದ ಬಳಿಯಿದ್ದ ಬಲಗಾಲಿನದನ್ನು ತೋರಿಸಿದೆ. ಅಷ್ಟು ದೂರ ಏಕೆ ಎಂದು ಅವನ ಹುಬ್ಬು ಕೇಳಿತು. ನಿಮ್ಮೂರಿನ ಜನ ಕದಿಯುತ್ತಾರೆಂದು ಬೇರೆಬೇರೆ ಬಿಟ್ಟಿದ್ದೆ ಎಂದು ಹೇಗೆ ಹೇಳುವುದು? ಸುಮ್ಮನೆ ಕೈಮುಗಿದು, ಆ ಸಿಂಹವನ್ನೂ ಈ ಸಿಂಹವನ್ನೂ ತೋರಿಸಿ, ಆಕಾಶದ ಕಡೆ ನೋಡಿದೆ. ನಮ್ಮ ಸಂಪ್ರದಾಯ ಎಂಬ ಭಾವದಲ್ಲಿ.

ಅವನ ಮುಖದಲ್ಲಿ ಒಮ್ಮೆಲೇ ಗೌರವ ತುಂಬಿತು. ತಪ್ಪಾಯಿತೆಂಬಂತೆ ತಲೆಬಾಗಿ, ಚಪ್ಪಲಿಯ ಧೂಳು ಒರೆಸಿ, ಗಂಡು ಸಿಂಹದ ಬಳಿ ಅದು ಮೊದಲಿದ್ದ ಜಾಗದಲ್ಲೇ, ತುದಿ ಬೀದಿಯ ಕಡೆಗೆ ಬರುವಂತೆ ಇಟ್ಟು, ನಾನು ಮೆಟ್ಟುವವರೆಗೆ ಪಕ್ಕದಲ್ಲೇ ನಿಂತ.

ಎಡಗಾಲಿನದನ್ನು ಮೆಟ್ಟಿ, ಕುಂಟುತ್ತಾ ಹೋಗಿ ಬಲಗಾಲಿನದನ್ನು ಮೆಟ್ಟಿ, ಅಕ್ಕನ ಕೈಹಿಡಿದು ಬೇಗಬೇಗ ಬೀದಿಗಿಳಿದೆ. ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನೋಡಿದೆ. ಕೆನ್ನೆಗೆ ಬಡಿದುಕೊಂಡಿದ್ದ ಆ ಎತ್ತರದ ಹುಡುಗ ಗಂಡು ಸಿಂಹದ ಮುಂದೆ ಮಂಡಿಯೂರಿ ತನ್ನ ಎಡಗಾಲಿನ ಬೂಟಿನ ದಾರ ಬಿಚ್ಚುತ್ತಿದ್ದ. ಮುದುಕ ಪೊರಕೆ ಪಕ್ಕಕ್ಕಿಟ್ಟು ಅವನಿಗೆ ಜಾಗ ತೋರಿಸುತ್ತಿದ್ದ.