ಒಂದು ಕಿಲೋ ಸಣ್ಣೀರುಳ್ಳಿ

"ಸಿದ್ಧತೆಗೆ 20 ನಿಮಿಷ" ಎಂದು ಬರೆದ ಪುಣ್ಯಾತ್ಮರು ಯಾರೋ, ಅವರ ಮನೆಯಲ್ಲಿ ಈರುಳ್ಳಿ ಸುಲಿಯುವವರು ಬೇರೆ ಯಾರೋ ಇರಬೇಕು. ಸ್ಟಿಫಾಡೊ ಎಂಬ ಗ್ರೀಕರ ಮಾಂಸದಡುಗೆಗೆ ಒಂದು ಕಿಲೋ ದನದ ಮಾಂಸ, ಒಂದು ಕಿಲೋ ಸಣ್ಣ ಈರುಳ್ಳಿ. ಮಾಂಸದ್ದೇನೂ ತಕರಾರಿಲ್ಲ. ಅಂಗಡಿಯವನೇ ತುಂಡು ಮಾಡಿ ಕೊಡುತ್ತಾನೆ. (ಅಮ್ಮನಿಗೆ ಫೋನಿನಲ್ಲಿ ಮಟನ್ ಎಂದೇ ಹೇಳಿದ್ದೇನೆ. ಯಾರೂ ಬಾಯಿ ಬಿಡಬೇಡಿ.) ಉಳಿದದ್ದು ಈರುಳ್ಳಿ. ಎಣಿಸಿದೆ. ಐವತ್ತೆಂಟು ಇದ್ದವು.

ಸುಲಿಯುತ್ತ ಕೂತಾಗ ನನಗೊಂದು ದೊಡ್ಡ ವಿಷಯ ಹೊಳೆಯಿತು. ಅದನ್ನು ಹೇಳಲೆಂದೇ ಇದನ್ನು ಬರೆಯಲು ಕೂತಿದ್ದೇನೆ.

ಅಥೆನ್ಸಿನಲ್ಲಿ ನಮ್ಮ ಮನೆ ಹತ್ತಿರದ ಬೀದಿಯಲ್ಲಿ ವಾರಕ್ಕೊಂದು ದಿನ ಸಂತೆ. ಲೈಕಿ ಅಂತಾರೆ. ಚಳಿ ಶುರುವಾದರೆ ಅಲ್ಲಿ ಈ ಈರುಳ್ಳಿಯದೇ ಒಂದು ರಾಶಿ. ಅದರ ಹೆಸರೂ "ಸ್ಟಿಫಾಡೊ ಈರುಳ್ಳಿ." ನಾವು ಸಾಂಬಾರ್ ಈರುಳ್ಳಿ ಅನ್ನುವುದಿಲ್ವಾ, ಹಾಗೆ. ಚೀಲ ಹಿಡಿದು ಮೆಟ್ಟಿಲು ಹತ್ತುವಾಗ ಕೆಳಗಿನ ಮನೆಯ ಅಜ್ಜಿ ಕಂಡರು. ಚೀಲದೊಳಗೆ ಇಣುಕಿ ನೋಡಿ, ಇಂದು ಏನಡುಗೆ ಎಂದು ನಾನು ಹೇಳುವ ಮೊದಲೇ ತಿಳಿದುಕೊಂಡರು. "ಪೆದಾಕಿ ಮೂ" ಎಂದು ಶುರು ಮಾಡಿದರು. ನನ್ನ ಮಗುವೇ ಎಂದು ಅರ್ಥ. ಆದರೆ ನನ್ನ ಕಿವಿ ಮಂಡ್ಯದ್ದು. ಎಷ್ಟು ವರ್ಷವಾದರೂ ಅದಕ್ಕೆ "ಪೆದ್ದ" ಎಂದೇ ಕೇಳುತ್ತದೆ. ಅಜ್ಜಿಯ ಮುಖ ನೋಡಿದರೆ ಕಿವಿಯದು ಪೂರ್ತಿ ತಪ್ಪು ಅಂತಲೂ ಅನಿಸುವುದಿಲ್ಲ.

ಅಜ್ಜಿಯ ಅಪ್ಪಣೆಗಳು ಮೂರು. ಈರುಳ್ಳಿಯ ಬುಡ ಪೂರ್ತಿ ಕತ್ತರಿಸಬೇಡ, ಪದರ ಬಿಟ್ಟುಹೋಗುತ್ತದೆ. ಬುಡಕ್ಕೆ ಚಾಕುವಿನಿಂದ ಕೂಡಿಸುವ ಗುರುತಿನ ಹಾಗೆ ಸಣ್ಣ ಗೀರು ಹಾಕು. ಬೇಯುವಾಗ ಸೌಟು ಹಾಕಬೇಡ, ಪಾತ್ರೆಯನ್ನೇ ಹಿಡಿದು ಅಲ್ಲಾಡಿಸು. ಇಷ್ಟು ಹೇಳಿ, ಸುಲಿಯಲು ನೆರವಾಗುತ್ತೇನೆ ಎಂದು ಮಾತ್ರ ಹೇಳದೆ ಬಾಗಿಲು ಹಾಕಿಕೊಂಡರು.

ಈರುಳ್ಳಿಯ ವಿಷಯದಲ್ಲಿ ಲೋಕವೇ ಹೀಗೆ. ಸಲಹೆ ಕೊಡುವವರು ಸಾವಿರ, ಚಾಕು ಹಿಡಿಯುವವನು ಒಬ್ಬ. ನಮ್ಮಕ್ಕನ ಮದುವೆಯ ಬೀಗರೂಟದ ಹಿಂದಿನ ರಾತ್ರಿ ಹಿತ್ತಲಲ್ಲಿ ಒಂದು ಮೂಟೆ ಸಾಂಬಾರ್ ಈರುಳ್ಳಿ ಸುರಿದು, ಮನೆಯ ಆರು ಹುಡುಗರನ್ನು ಅದರ ಮುಂದೆ ಕೂರಿಸಿದರು. ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ದೊಡ್ಡಪ್ಪ. ಹೆಗಲ ಮೇಲೆ ಟವಲು, ಬಾಯಲ್ಲಿ ಎಲೆಅಡಿಕೆ. "ಹಲ್ಲಲ್ಲಿ ಬೆಂಕಿಕಡ್ಡಿ ಕಚ್ಕೊಳ್ರೋ, ಕಣ್ಣು ಉರಿಯಲ್ಲ" ಅಂದ. ಕಚ್ಚಿಕೊಂಡೆವು, ಉರಿಯಿತು. "ನೀರಲ್ಲಿ ನೆನೆಹಾಕ್ರೋ" ಅಂದ. ನೆನೆಹಾಕಿದೆವು. ಕೈ ಜಾರಿ ಒಬ್ಬನ ಹೆಬ್ಬೆರಳು ಕುಯ್ದುಹೋಯಿತು. ಕೊನೆಗೆ, "ಅರ್ಧ ಈರುಳ್ಳಿ ತಲೆ ಮೇಲೆ ಇಟ್ಕೊಳ್ರೋ, ಉರಿಯನ್ನೆಲ್ಲ ಅದೇ ಎಳ್ಕೊಳ್ತದೆ" ಅಂದ. ಆರು ಜನವೂ ತಲೆಯ ಮೇಲೆ ಅರ್ಧರ್ಧ ಈರುಳ್ಳಿ ಇಟ್ಟುಕೊಂಡು, ಬೀಳಬಾರದೆಂದು ಕತ್ತು ನೆಟ್ಟಗೆ ಮಾಡಿ, ಗಳಗಳ ಅಳುತ್ತ ಸುಲಿದೆವು. ಫೋಟೋದವನು ಅದೇ ಹೊತ್ತಿಗೆ ಬಂದ. ಆ ಚಿತ್ರ ಇವತ್ತಿಗೂ ಆಲ್ಬಮ್ಮಿನಲ್ಲಿದೆ, ಧಾರೆಯ ಫೋಟೋ ಆದಮೇಲೆ. ಭಾವನ ಕಡೆಯವರು ಅದನ್ನು ನೋಡಿದಾಗಲೆಲ್ಲ "ಇದು ನಿಮ್ಮ ಕಡೆಯ ಯಾವ ಶಾಸ್ತ್ರ?" ಅಂತ ಕೇಳುತ್ತಾರೆ. ಹೆಣ್ಣು ಕಳಿಸುವ ದುಃಖ ಎಂದುಕೊಂಡವರೂ ಇದ್ದಾರೆ. ದೊಡ್ಡಪ್ಪ ಆ ರಾತ್ರಿ ಒಂದೇ ಒಂದು ಈರುಳ್ಳಿ ಮುಟ್ಟಲಿಲ್ಲ. ಊಟಕ್ಕೆ ಮಾತ್ರ ಮೊದಲ ಪಂಕ್ತಿ.

ಈರುಳ್ಳಿಯೊಳಗೆ ಕಣ್ಣೀರು ತರಿಸುವ ಅನಿಲಕ್ಕೆಂದೇ ಬೇರೆ ಕಿಣ್ವವಿದೆ ಎಂದು 2002ರಲ್ಲಿ ಜಪಾನಿನ ಸಂಶೋಧಕರು ಕಂಡುಹಿಡಿದರು. 2013ರಲ್ಲಿ ಅವರಿಗೆ ಇಗ್ ನೊಬೆಲ್ ಬಂತು, ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಬಹುಮಾನ. ಕೊಡಲಿ ಬಿಡಿ. ತಲೆಯ ಮೇಲೆ ಈರುಳ್ಳಿ ಇಟ್ಟುಕೊಂಡ ಆರು ಜನಕ್ಕೆ ಯಾರೂ ಏನೂ ಕೊಟ್ಟಿಲ್ಲ.

ಸ್ಟಿಫಾಡೊಗೆ ಬರೋಣ. ಕುದಿಯುವ ನೀರಿಗೆ ಒಂದು ನಿಮಿಷ ಹಾಕಿ ತೆಗೆದರೆ ಸಿಪ್ಪೆ ಸಲೀಸಾಗಿ ಬರುತ್ತದೆ. ಇದು ನನಗೆ ಗೊತ್ತಾಗಿದ್ದು ನಲವತ್ತನೆಯ ಈರುಳ್ಳಿಯ ಹೊತ್ತಿಗೆ. ಅಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು. ಉಳಿದ ಹದಿನೆಂಟನ್ನು ಚೀಲಸಮೇತ ಸಿಂಕಿನ ಕೆಳಗೆ ತಳ್ಳಿದೆ. ಯಾರು ಎಣಿಸುತ್ತಾರೆ?

ಮಾಂಸ ಹುರಿದು, ಟೊಮೆಟೊ, ಚಕ್ಕೆ, ಲವಂಗ ಹಾಕಿ, ಕೆಂಪು ವೈನ್ ಸುರಿದೆ. ಗ್ರೀಸ್, ವೈನ್ ಎರಡೂ ಒಟ್ಟಿಗೆ ಬಂದರೆ ಈಜಿಪ್ಟಿನಲ್ಲಿ ಸಿಕ್ಕ, ವೈನ್ ಕುಡಿಸುವ ದೃಶ್ಯವಿರುವ ಆ ಹಳೇ ಗ್ರೀಕ್ ಪ್ರಹಸನವನ್ನೂ ಅದರಲ್ಲಿದೆ ಎನ್ನುವ ಕನ್ನಡವನ್ನೂ ಎತ್ತದ ಕನ್ನಡಿಗ ಸಿಗುವುದು ಕಷ್ಟ. ನಾನು ಎತ್ತುವುದಿಲ್ಲ. ಆ ವಾದ ಶುರುವಾದರೆ ಮಾಂಸ ತಳ ಹಿಡಿಯುತ್ತದೆ. ಈ ಅಡುಗೆಯ ಹೆಸರು ವೆನಿಸಿನವರದು. ಗ್ರೀಸಿನ ದ್ವೀಪಗಳಲ್ಲಿ ಕ್ರೀಟನ್ನು ಅವರು 1669ರವರೆಗೆ ಆಳಿದರು, ಕೊರ್ಫುವನ್ನು 1797ರವರೆಗೆ. ಆದರೆ ಆ ಪದದ ಬೇರು ಹೊಗೆ, ಹಬೆ ಎನ್ನುವ ಅರ್ಥದ ಗ್ರೀಕ್ ಮಾತೇ ಎಂದೂ ಹೇಳುತ್ತಾರೆ. ತವರಿನಿಂದ ಹೋದ ಪಾತ್ರೆ ಮೇಲೆ ಬೇರೆಯವರ ಹೆಸರು ಕೆತ್ತಿಸಿಕೊಂಡು ವಾಪಸು ಬಂದ ಹಾಗೆ.

ಎರಡು ಗಂಟೆ ಸಣ್ಣ ಉರಿ. ಸೌಟು ಹಾಕಲಿಲ್ಲ, ಪಾತ್ರೆ ಹಿಡಿದು ಅಲ್ಲಾಡಿಸಿದೆ. ಆ ದೊಡ್ಡ ವಿಷಯ ಅಲ್ಲಿಯವರೆಗೂ ನೆನಪಿನಲ್ಲಿತ್ತು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಅಜ್ಜಿ. ಕೈಯಲ್ಲಿ ಬ್ರೆಡ್ಡು. ನೇರ ಒಲೆಯ ಹತ್ತಿರ ಹೋಗಿ ಮುಚ್ಚಳ ತೆಗೆದು, ಹಬೆಯನ್ನು ಕೈಯಿಂದ ಸರಿಸಿ ಬಗ್ಗಿ ನೋಡಿದರು. ನೋಡುತ್ತಲೇ ಇದ್ದರು.

"ಪೆದಾಕಿ ಮೂ," ಅಂದರು, "ಉಳಿದ ಈರುಳ್ಳಿ ಎಲ್ಲಿ?"