ಲೆಕ್ಕ ಕೇಳಿದ ಅಭಿಮಾನಿಗಳು

ಕೊರಿಯನ್ ಪಾಪ್ ಹುಚ್ಚು ಹತ್ತಿಸಿಕೊಂಡ ಹುಡುಗ ಹುಡುಗಿಯರೆಲ್ಲ ಬುದ್ಧಿಯನ್ನು ಅಡವಿಟ್ಟವರು ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ 29,978 ಎಂಬ ಸಂಖ್ಯೆ ನೆನಪಾಗುತ್ತದೆ. 2019ರ ಜುಲೈ 19ರಂದು ದಕ್ಷಿಣ ಕೊರಿಯಾದ ಎಮ್‌ನೆಟ್ ವಾಹಿನಿಯಲ್ಲಿ, ವೀಕ್ಷಕರ ಮತದಿಂದ ಹೊಸ ಪಾಪ್ ತಂಡವೊಂದನ್ನು ಆರಿಸುವ ‘ಪ್ರೊಡ್ಯೂಸ್ ಎಕ್ಸ್ 101’ ಸ್ಪರ್ಧೆಯ ಅಂತಿಮ ಸುತ್ತು ನೇರ ಪ್ರಸಾರವಾಯಿತು. ಮೊದಲ ಸ್ಥಾನ ಪಡೆದ ಕಿಮ್ ಯೊ ಹಾನ್‌ಗೆ 13,34,011 ಮತಗಳು ಬಂದಿದ್ದವು, ಎರಡನೆಯ ಸ್ಥಾನದ ಕಿಮ್ ವೂ ಸೊಕ್‌ಗೆ 13,04,033. ಕಳೆದರೆ ಉಳಿಯುವುದು 29,978. ಮೂರನೆಯವನಿಗೂ ನಾಲ್ಕನೆಯವನಿಗೂ ನಡುವೆ ಇದ್ದದ್ದು ಅಷ್ಟೇ ಅಂತರ. ಹೀಗೆ ಒಂದೇ ಅಂತರ ಪಟ್ಟಿಯಲ್ಲಿ ಐದು ಕಡೆ ಕಾಣಿಸಿಕೊಂಡಿತ್ತು. ಇದನ್ನು ಕಂಡುಹಿಡಿದವರು ಪೊಲೀಸರೂ ಅಲ್ಲ, ಪತ್ರಕರ್ತರೂ ಅಲ್ಲ. ತಮ್ಮ ಹುಡುಗ ಸೋತನೆಂದು ಅಳುತ್ತಲೇ ಕ್ಯಾಲ್ಕುಲೇಟರ್ ಹಿಡಿದು ಕುಳಿತ ಅಭಿಮಾನಿಗಳು. ಅಂತಿಮ ಸುತ್ತಿನ ಇಪ್ಪತ್ತೂ ಸ್ಪರ್ಧಿಗಳ ಮತಸಂಖ್ಯೆ 7494.442 ಎಂಬುದರ ಗುಣಲಬ್ಧವೆಂದೂ ಅವರೇ ತೋರಿಸಿದರು: 178ರಿಂದ ಗುಣಿಸಿದರೆ ಮೊದಲನೆಯವನ ಮತ ಬರುತ್ತದೆ, 174ರಿಂದ ಗುಣಿಸಿದರೆ ಎರಡನೆಯವನದು. ನಿಜವಾಗಿ ಎಣಿಸಿದ ಮತಗಳು ಹೀಗೆ ಒಂದೇ ಅಚ್ಚಿಗೆ ಬೀಳುವುದಿಲ್ಲ. ಶೇಕಡಾವಾರು ಲೆಕ್ಕವನ್ನು ಸರಿಹೊಂದಿಸುವಾಗ ಆದ ತಪ್ಪು, ಸ್ಥಾನಗಳೇನೂ ಬದಲಾಗಿಲ್ಲ ಎಂದು ವಾಹಿನಿ ಸಮಜಾಯಿಷಿ ಕೊಟ್ಟಿತು. ಅಭಿಮಾನಿಗಳು ಒಪ್ಪಲಿಲ್ಲ, ಸಮಿತಿ ಕಟ್ಟಿಕೊಂಡು ದೂರು ಕೊಟ್ಟರು.

ಅವರ ಸಿಟ್ಟು ಅರ್ಥವಾಗಬೇಕಾದರೆ ಈ ಸ್ಪರ್ಧೆ ಅವರಿಗೆ ಕೊಟ್ಟಿದ್ದ ಪದವಿಯನ್ನು ನೋಡಬೇಕು. 2016ರ ಮೊದಲ ಸರಣಿಯಿಂದಲೇ ವೀಕ್ಷಕರನ್ನು ಇಲ್ಲಿ ವೀಕ್ಷಕರೆಂದು ಕರೆಯುತ್ತಿರಲಿಲ್ಲ, ‘ಜನತಾ ನಿರ್ಮಾಪಕರು’ ಎನ್ನುತ್ತಿದ್ದರು. ತೀರ್ಪುಗಾರರಿಲ್ಲ, ನೀವು ಆರಿಸಿದವರೇ ತಂಡ ಎಂಬ ಭರವಸೆ. ಅದನ್ನು ನಂಬಿದವರು ಸೋಲ್ ನಗರದ ಮೆಟ್ರೊ ನಿಲ್ದಾಣಗಳಲ್ಲಿ ಕೈಯಿಂದ ದುಡ್ಡು ಹಾಕಿ ಜಾಹೀರಾತು ಹಾಕಿಸಿದರು, ಅಪರಿಚಿತರ ಹತ್ತಿರ ಮತ ಬೇಡಿದರು, ಅಲ್ಲಿನ ಹಣದಲ್ಲಿ ನೂರು ವನ್ ತೆತ್ತು ಎಸ್‌ಎಂಎಸ್ ಕಳಿಸಿದರು. ಸಂಬಳವಿಲ್ಲದ ಪ್ರಚಾರ ವಿಭಾಗವೊಂದು ವಾಹಿನಿಗೆ ಪುಕ್ಕಟೆಯಾಗಿ ಸಿಕ್ಕಿತ್ತು ಎಂದರೆ ಅತಿಶಯೋಕ್ತಿಯಲ್ಲ.

ತನಿಖೆಯಲ್ಲಿ ಬಯಲಾದದ್ದು 2016ರಿಂದ 2019ರವರೆಗಿನ ನಾಲ್ಕೂ ಸರಣಿಗಳ ಫಲಿತಾಂಶವನ್ನು ತಿದ್ದಲಾಗಿತ್ತು ಎಂಬುದು. ನಿರ್ದೇಶಕ ಆನ್ ಜುನ್ ಯಂಗ್‌ಗೆ ಎರಡು ವರ್ಷ, ಮುಖ್ಯ ನಿರ್ಮಾಪಕ ಕಿಮ್ ಯೋಂಗ್ ಬಮ್‌ಗೆ ಒಂದು ವರ್ಷ ಎಂಟು ತಿಂಗಳು ಜೈಲು ಶಿಕ್ಷೆಯಾಯಿತು. 2020ರ ನವೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅನ್ಯಾಯಕ್ಕೊಳಗಾದ ಹನ್ನೆರಡು ಮಂದಿಯ ಹೆಸರನ್ನು ಪ್ರಕಟಿಸಿತು. ಅವರಲ್ಲಿ ಲೀ ಗಾ ಉನ್ ಕೂಡ ಒಬ್ಬಳು. ಬೇರೊಂದು ತಂಡದಲ್ಲಿ ವರ್ಷಗಟ್ಟಲೆ ಹಾಡಿ ಕುಣಿದು, ಮತ್ತೆ ಮೊದಲಿನಿಂದ ಆರಂಭಿಸುತ್ತೇನೆಂದು 2018ರ ಸ್ಪರ್ಧೆಗೆ ಬಂದವಳು. ಹನ್ನೆರಡು ಜನರ ತಂಡಕ್ಕೆ ನಡೆದ ಆ ಆಯ್ಕೆಯಲ್ಲಿ ಅವಳಿಗೆ ಹದಿನಾಲ್ಕನೆಯ ಸ್ಥಾನವೆಂದು ಘೋಷಿಸಿದ್ದರು. ನಿಜವಾದ ಎಣಿಕೆಯಲ್ಲಿ ಅವಳು ಐದನೆಯವಳಾಗಿದ್ದಳು. ಅನ್ಯಾಯಕ್ಕೊಳಗಾದವರ ಜಾಗಕ್ಕೆ ಬಂದವರ ಹೆಸರನ್ನು ನ್ಯಾಯಾಲಯ ಹೇಳಲಿಲ್ಲ, ಹೇಳದೆ ಇದ್ದದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆ ಮಕ್ಕಳಿಗೆ ಈ ಕೈಚಳಕದ ಸುಳಿವಾದರೂ ಇತ್ತೆಂದು ನನಗೆ ಅನ್ನಿಸುವುದಿಲ್ಲ.

ನಿಷ್ಠೆಯ ಕಷ್ಟ ತಿಳಿಯುವುದು ಇಲ್ಲಿಯೇ. ‘ಪ್ರೊಡ್ಯೂಸ್ ಎಕ್ಸ್ 101’ರಲ್ಲಿ ಗೆದ್ದವರನ್ನು ಸೇರಿಸಿ ಕಟ್ಟಿದ, 2019ರ ಆಗಸ್ಟ್ 27ರಂದು ರಂಗಕ್ಕೆ ಬಂದ ಎಕ್ಸ್ ವನ್ ತಂಡ 2020ರ ಜನವರಿ 6ರಂದು ವಿಸರ್ಜನೆಯಾಯಿತು, ಐದು ತಿಂಗಳೂ ತುಂಬಿರಲಿಲ್ಲ. ದೂರು ಕೊಟ್ಟವರೇ ತಂಡವನ್ನು ಕೊಂದರು ಎಂದು ಆ ತಂಡದ ಅಭಿಮಾನಿಗಳಲ್ಲಿ ಕೆಲವರು ಶಪಿಸಿದರು. ಅವರ ದುಃಖ ಸುಳ್ಳಲ್ಲ. ಆದರೆ ಮನೆಗೆ ಬೆಂಕಿ ಹಚ್ಚಿದವನನ್ನು ಬಿಟ್ಟು ಹೊಗೆ ಕಂಡು ಕೂಗಿದವನ ಮೇಲೆ ಹರಿಹಾಯುವುದನ್ನು ಪ್ರೀತಿ ಎಂದು ಒಪ್ಪಿಕೊಳ್ಳಲು ನನ್ನಿಂದಾಗದು.

ಹಾಗೆಂದು ಅಭಿಮಾನಿಗಳೆಲ್ಲ ಹಾಲಿನಲ್ಲಿ ತೊಳೆದವರೆಂದು ಹೇಳುತ್ತಿಲ್ಲ. (ಹಾಲೆಂದಾಗ ನೆನಪಾಯಿತು: 2021ರಲ್ಲಿ ಚೀನಾದ ಇಂಥದ್ದೇ ಸ್ಪರ್ಧೆಯೊಂದರಲ್ಲಿ, ಬಾಟಲಿಯ ಮುಚ್ಚಳದೊಳಗಿನ ಕ್ಯುಆರ್ ಕೋಡ್‌ನಿಂದ ಮತ ಹಾಕಬಹುದೆಂದು ರಾಶಿ ರಾಶಿ ಹಾಲಿನ ಪಾನೀಯವನ್ನು ಕೊಂಡು ಚರಂಡಿಗೆ ಸುರಿಸಿದರು, ಅಂತಿಮ ಸುತ್ತೇ ರದ್ದಾಯಿತು.) ಎಮ್‌ನೆಟ್‌ನದೇ ಇಂಥ ಇನ್ನೊಂದು ಸ್ಪರ್ಧೆಯಾದ 2023ರ ‘ಬಾಯ್ಸ್ ಪ್ಲಾನೆಟ್’ನಲ್ಲಿ ಹೊರದೇಶದವರ ಮತಕ್ಕೂ ಅವಕಾಶವಿದ್ದುದರಿಂದ ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗಳು ದಿನವೂ ತಪ್ಪದೆ ಮತ ಹಾಕುತ್ತಿದ್ದಳು. ಮೊದಲ ಸುತ್ತಿನಲ್ಲಿ ಒಂಬತ್ತು ಜನರನ್ನು ಆರಿಸಬೇಕು. ಅವಳು ತನ್ನ ಹುಡುಗನೊಬ್ಬನನ್ನು ಆರಿಸಿ, ಉಳಿದ ಎಂಟು ಮತಗಳನ್ನು ಗೆಲ್ಲುವ ಸಾಧ್ಯತೆಯೇ ಇಲ್ಲದವರಿಗೆ ಹಂಚುತ್ತಿದ್ದಳು. ಹತ್ತಿರದ ಪೈಪೋಟಿಗಾರನಿಗೆ ಒಂದು ಮತವೂ ದಕ್ಕಬಾರದು ಎಂಬ ಈ ಲೆಕ್ಕಾಚಾರಕ್ಕೆ ಕೊರಿಯಾದಲ್ಲಿ ‘ಗ್ಯೊಂಜೆ’ ಎನ್ನುತ್ತಾರಂತೆ. ಚೆನ್ನಾಗಿ ಹಾಡಿದವನಿಗೆ ಮತ ಎಂಬ ನನ್ನ ಹಳೆಯ ಕಾಲದ ಕಲ್ಪನೆ ಅವಳಿಗೆ ನಗು ತರಿಸಿತು. ನಿಯಮದೊಳಗೇ ನಡೆಯುವ ಈ ಜಾಣತನಕ್ಕೂ ಕೋಣೆಯೊಳಗೆ ಕುಳಿತು ಅಂಕಿ ತಿದ್ದುವುದಕ್ಕೂ ಅಜಗಜಾಂತರವಿದೆ, ನಿಜ. ಆದರೂ ಫಲಿತಾಂಶದಲ್ಲಿ ಪ್ರತಿಭೆಯ ಪಾಲೆಷ್ಟು ಎಂಬ ಪ್ರಶ್ನೆಗೆ ಅವಳಲ್ಲಿಯೂ ಉತ್ತರವಿರಲಿಲ್ಲ.

ಪ್ರತಿ ಮತದ ಸ್ಕ್ರೀನ್‌ಶಾಟನ್ನೂ ಅವಳು ಫೋನಿನಲ್ಲಿ ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದಳು. ಇದೇಕೆ ಎಂದು ಕೇಳಿದ್ದಕ್ಕೆ ತಲೆಯೆತ್ತದೆ ಹೇಳಿದಳು: “ಆಮೇಲೆ ಲೆಕ್ಕ ತಾಳೆಯಾಗದಿದ್ದರೆ ಬೇಕಾಗುತ್ತೆ, ಮಾಮ.”