ಕೋಡ್ ಆಮೇಲೆ, ಮೊದಲು ಟೆಸ್ಟ್ ಬರೆಯಿರಿ

ಶಿವಮೊಗ್ಗದ ಇಂಜಿನಿಯರಿಂಗ್ ಹುಡುಗರು ಓಪನ್ ಸೋರ್ಸ್‌ಗೆ, ಅಂದರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್‌ಗೆ, ಕೋಡ್ ಕಳಿಸುತ್ತಿದ್ದಾರೆ, ಖುಷಿ. ಆದರೆ ನಾನು ನೋಡಿದ್ದರಲ್ಲಿ ಜಾಸ್ತಿ, ಪ್ರಾಜೆಕ್ಟ್‌ನ ಪರಿಚಯ ಹೇಳುವ ರೀಡ್‌ಮಿ ಫೈಲಿನಲ್ಲಿ ಒಂದು ಕಾಮಾ ತಿದ್ದಿದ್ದು, ಇಲ್ಲವೇ ತಮ್ಮ ಹೆಸರು ಸೇರಿಸಿದ್ದು. ರೆಸ್ಯೂಮೆಗೆ ಒಂದು ಸಾಲಾಯಿತು, ಸರಿ. ಆ ಕಡೆ ಕೂತು ಅದನ್ನು ಓದಿ ಮುಚ್ಚುವವರಿಗೆ ಸುಮ್ನೆ ತಲೆನೋವು. ಓಪನ್ ಸೋರ್ಸ್‌ಗೆ ಕೋಡ್ ಕಳಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್ ಕಾರ್ಯಕ್ರಮದಲ್ಲಿ, 2020ರಲ್ಲಿ, ಆ ಆಸೆಗೆ ಇಂಥವು ಎಷ್ಟು ಬಂದು ಬಿದ್ದವು ಅಂದರೆ, ಶುರುವಾದ ಕೆಲವೇ ದಿನಕ್ಕೆ ಆಯೋಜಕರು ನಿಯಮ ಬದಲಿಸಿ, ಸೇರಲು ಒಪ್ಪಿದ ಪ್ರಾಜೆಕ್ಟ್‌ಗಳಿಗೆ ಕಳಿಸಿದ್ದು ಮಾತ್ರ ಲೆಕ್ಕ ಅಂದರು.

ಕೋಡ್ ಹೇಗೆ ಕಳಿಸಬೇಕು ಅಂತ ಪ್ರಾಜೆಕ್ಟ್‌ನವರೇ ಬರೆದಿಟ್ಟ ಕಾಂಟ್ರಿಬ್ಯೂಟಿಂಗ್ ಗೈಡ್ ಓದ್ರೋ ಅಂದರೆ "ಅಷ್ಟುದ್ದ ಯಾರು ಓದ್ತಾರೆ ಅಣ್ಣಾ" ಅನ್ನುತ್ತಾರೆ. ಓದಬೇಕು ಮಾರಾಯ. ವೆಬ್‌ಸೈಟ್ ಕಟ್ಟಲು ಬಳಸುವ ಜಾಂಗೋದಲ್ಲಿ ಕಾಗುಣಿತ ತಿದ್ದುವಂಥ ಸಣ್ಣ ಕೆಲಸ ಬಿಟ್ಟರೆ ಮೊದಲು ಟಿಕೆಟ್ (ತೊಂದರೆ ಏನೆಂದು ಬರೆದ ದಾಖಲೆ) ಇರಬೇಕು, ಇದು ನಿಜವಾದ ತೊಂದರೆಯೇ ಅಂತ ಇನ್ನೊಬ್ಬರು ನೋಡಿ ಅದನ್ನು 'ಆಕ್ಸೆಪ್ಟೆಡ್' ಮಾಡಿರಬೇಕು. ಅಂಥದ್ದೇ ಇನ್ನೊಂದು ಪ್ರಾಜೆಕ್ಟ್ ರೈಲ್ಸ್‌ನವರಂತೂ ಬರೀ ಚಂದ ಕಾಣಿಸಲು ಮಾಡಿದ ಬದಲಾವಣೆ ಸಾಮಾನ್ಯವಾಗಿ ತಗೊಳ್ಳಲ್ಲ ಎಂದು ಬರೆದೇ ಇಟ್ಟಿದ್ದಾರೆ.

ಬಗ್ (ಕೋಡಿನ ತಪ್ಪು) ಸರಿಮಾಡಿದರೆ ಜೊತೆಗೆ ರಿಗ್ರೆಷನ್ ಟೆಸ್ಟ್, ಅಂದರೆ ಅದೇ ತಪ್ಪು ಮತ್ತೆ ಬಂದರೆ ಹಿಡಿಯುವ ಪುಟ್ಟ ಕೋಡ್, ಕೇಳುತ್ತಾರೆ. ನಿಮ್ಮ ಬದಲಾವಣೆ ತೆಗೆದು ಓಡಿಸಿದರೆ ಫೇಲ್ ಆಗಬೇಕು, ಹಾಕಿ ಓಡಿಸಿದರೆ ಪಾಸ್. ಎರಡೂ ಸಲ ಪಾಸ್ ಆದರೆ ಆ ಟೆಸ್ಟ್ ಏನನ್ನೂ ಹಿಡಿದಿಲ್ಲ. ಎಲ್ಲರೂ ಇದನ್ನು ಕೊನೆಗೆ, ಕಾಟಾಚಾರಕ್ಕೆ ಬರೆಯುತ್ತಾರೆ. ನನ್ನ ಪ್ರಕಾರ ಶುರುವೇ ಇಲ್ಲಿಂದ ಆಗಬೇಕು. ಹೆಸರಿನ ಜಾಗದಲ್ಲಿ ಬರೀ ಸ್ಪೇಸ್ ಒತ್ತಿದರೂ ಫಾರ್ಮ್ ಒಪ್ಪಿಕೊಳ್ಳುತ್ತದೆ ಅಂತಿಟ್ಟುಕೊಳ್ಳಿ. ಟೆಸ್ಟ್ ನಾಲ್ಕೈದು ಸಾಲು. ಆದರೆ ಬರೆಯುವಾಗಲೇ ಪ್ರಶ್ನೆ ಹುಟ್ಟುತ್ತದೆ: ಟ್ಯಾಬ್ ಒತ್ತಿದರೆ? ಹೆಸರಿನ ಹಿಂದೆ ಮುಂದೆ ಸ್ಪೇಸ್ ಇದ್ದರೆ ಕತ್ತರಿಸಬೇಕಾ, ತಪ್ಪು ಅನ್ನಬೇಕಾ? ಅದನ್ನು ಟಿಕೆಟ್‌ನಲ್ಲೇ ಕೇಳಿ. ಉತ್ತರ ಸಿಕ್ಕ ಮೇಲೆ ಕೋಡ್ ಎಷ್ಟೋ ಸಲ ಒಂದೇ ಸಾಲು.

"ನಮ್ಮೂರಲ್ಲಿ ಮಳೆ ಹಿಡಿದರೆ ನೆಟ್‌ವರ್ಕೇ ಇರಲ್ಲ" ಅನ್ನುವುದು ತೀರ್ಥಹಳ್ಳಿ, ಹೊಸನಗರ ಕಡೆಯವರ ಮಾತು. ನಿಜ, ಆದರೆ ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಕಮಿಟ್ ಮಾಡಲು, ಅಂದರೆ ಬದಲಾವಣೆ ದಾಖಲಿಸಲು, ನೆಟ್ ಬೇಡ. ಪೇಟೆಗೆ ಬಂದಾಗ ಪ್ರಾಜೆಕ್ಟ್ ಕ್ಲೋನ್ ಮಾಡಿ (ಪೂರ್ತಿ ನಕಲು ಇಳಿಸಿ), ಬೇಕಾದ ಪ್ಯಾಕೇಜ್ ಇಳಿಸಿಕೊಂಡು ಹೋಗಿ. ಜಾಂಗೋ ಟೆಸ್ಟ್‌ಗಳು ಎಸ್‌ಕ್ಯುಲೈಟ್ ಎಂಬ ಪುಟ್ಟ ಡೇಟಾಬೇಸ್ ಮೇಲೆ ಓಡುತ್ತವೆ, ಬೇರೆ ಡೇಟಾಬೇಸ್ ಸರ್ವರ್ ಬೇಕಾಗಿಲ್ಲ. ಮೊದಲೇ ಎಲ್ಲ ಟೆಸ್ಟ್‌ಗಳ ಇಡೀ ಸೂಟ್ ಓಡಿಸಬೇಡಿ, ಮುಗಿಯುವುದರೊಳಗೆ ಕರೆಂಟ್ ಹೋಗಿರುತ್ತದೆ! ಮುಟ್ಟಿದ ಭಾಗದ್ದು ಮಾತ್ರ ಸಾಕು.

ಕಳಿಸಿದ ಮೇಲೆ ಉತ್ತರ ತಡವಾಗುತ್ತದೆ. ನೋಡುವವರಲ್ಲಿ ತುಂಬಾ ಜನ ಸಂಬಳವಿಲ್ಲದೆ, ಬಿಡುವಲ್ಲಿ ಮಾಡುವವರು, ದಿನಾ ಹೋಗಿ "ಎನಿ ಅಪ್‌ಡೇಟ್?" ಅನ್ನಬೇಡಿ. ಅಷ್ಟರಲ್ಲಿ ಇನ್ನೊಬ್ಬರ ಪ್ಯಾಚ್ (ಅವರು ಕಳಿಸಿದ ಬದಲಾವಣೆ) ಇಳಿಸಿಕೊಂಡು ಟೆಸ್ಟ್ ಓಡಿಸಿ, ಏನಾಯಿತು ಅಂತ ಅವರ ಟಿಕೆಟ್‌ನಲ್ಲಿ ಬರೆಯಿರಿ. ಅದನ್ನೂ ಜಾಂಗೋದವರು ಕೊಡುಗೆ ಅಂತಲೇ ಎಣಿಸುತ್ತಾರೆ.